ಹೊರದೇಶದಲ್ಲಿ ಮಾಂಗಾ ಬರೆಯುವವರು, ಅನಿಮೆ ಗೆಳೆಯರು ಸಿಗುವುದು ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಸಿಕ್ಕವರು, ಟಿಕೆಟ್ ಬುಕ್ ಮಾಡಿದ ಮೇಲೆ ಗಾಬರಿಯಾಗಿ ಮೆಸೇಜ್ ಹಾಕಿದವರು, ಮಗಳನ್ನು ಜಪಾನಿಗೆ ಕಳಿಸುವ ಮುಂಚೆ ಫೋನ್ ಮಾಡಿದ ಅಪ್ಪ ಅಮ್ಮಂದಿರು ಕೇಳಿದ ಪ್ರಶ್ನೆಗಳನ್ನು ಒಟ್ಟಿಗೆ ಹಾಕಿದ್ದೇನೆ. ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್, ಅನಿಮೆ ಅಂದರೆ ಅಲ್ಲಿನ ಅನಿಮೇಷನ್. ಪ್ರಶ್ನೆಗಳಲ್ಲಿ ಹೆಚ್ಚಿನವು ಜಪಾನಿನ ಬಗ್ಗೆಯೇ ಇವೆ, ಕೇಳುವವರು ಹೊರಡುವುದು ಅಲ್ಲಿಗೇ ತಾನೇ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೊದಲು, ಸ್ವತಃ ಚಿತ್ರ ಬರೆಯುವವರದ್ದು ಕೊನೆಗೆ.

## ಹೊರಡುವ ಮುಂಚೆ

ಅಕಿಹಾಬಾರಕ್ಕೆ ಹೋದ್ರೆ ಸಾಕಲ್ವಾ? ಅಲ್ಲಿ ಇರೋರೆಲ್ಲ ಒಟಾಕುಗಳೇ ತಾನೇ?

ಒಟಾಕು ಅಂದರೆ ಅನಿಮೆ, ಮಾಂಗಾ ಹುಚ್ಚಿನ ಅಭಿಮಾನಿ. ಆದರೆ ಟೋಕಿಯೋದ ಅಕಿಹಾಬಾರ ಅಂಗಡಿ ಬೀದಿ. ಜನ ಬರುತ್ತಾರೆ, ಬೇಕಾದ್ದು ಕೊಳ್ಳುತ್ತಾರೆ, ಹೋಗುತ್ತಾರೆ. ಶೆಲ್ಫ್ ಮುಂದೆ ನಿಂತವರನ್ನು ಮಾತಾಡಿಸಿದರೆ ಸ್ವಲ್ಪ ತಲೆಬಾಗಿಸಿ ಪಕ್ಕಕ್ಕೆ ಸರಿದುಬಿಡುತ್ತಾರೆ. ರಸ್ತೆಯಲ್ಲಿ ತಾವಾಗಿಯೇ ನಗುತ್ತಾ ಮಾತಿಗಿಳಿಯುವವರು ಹೆಚ್ಚಾಗಿ ಕೆಫೆಗೆ ಗಿರಾಕಿ ಹಿಡಿಯಲು ನಿಂತವರು. ಇಕೆಬುಕುರೊದ ಒತೊಮೆ ರೋಡ್ ಕಡೆ ಹುಡುಗಿಯರ ಗುಂಪುಗಳು ಜಾಸ್ತಿ, ಆದರೆ ಅವರೂ ತಮ್ಮ ತಮ್ಮ ಗೆಳತಿಯರ ಜೊತೆ ಬಂದಿರುತ್ತಾರೆ. ಹಳೆಯ ಮಾಂಗಾ ಹುಡುಕುವವರು ನಾಕಾನೋ ಬ್ರಾಡ್‌ವೇ ಅನ್ನುವ ಅಂಗಡಿ ಕಟ್ಟಡ ನೋಡಲೇಬೇಕು. 1980ರಲ್ಲಿ ಅಲ್ಲಿ ಸಣ್ಣ ಅಂಗಡಿಯಾಗಿ ಶುರುವಾದ, ಹಳೆಯ ಮಾಂಗಾ ಮಾರುವ ಮಂದಾರಕೆ ಈಗ ಅದೇ ಕಟ್ಟಡದಲ್ಲಿ ಮಹಡಿ ಮಹಡಿಗೂ ಹರಡಿಕೊಂಡಿದೆ. ಒಂದು ದಿನ ಸುತ್ತಿ, ಕೊಳ್ಳಿ, ಖುಷಿಪಡಿ. ಗೆಳೆಯರನ್ನು ಬೇರೆ ಕಡೆ ಹುಡುಕಿ.

ಮತ್ತೆ ಎಲ್ಲಿ ಸಿಗ್ತಾರೆ?

ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಮೇಜಿನ ಹಿಂದೆ ಕೂತು ಮಾರುವ ಮೇಳಗಳಲ್ಲಿ. ಇಂಥ ಪುಸ್ತಕ ಡೋಜಿನ್‌ಶಿ. ಅದನ್ನು ತರುವ ಗುಂಪು ಸರ್ಕಲ್. ಒಬ್ಬರೇ ಇದ್ದರೂ ಸರ್ಕಲ್ಲೇ.

ಎಲ್ಲಕ್ಕಿಂತ ದೊಡ್ಡದು ಕಾಮಿಕೆಟ್. 1975ರ ಡಿಸೆಂಬರ್‌ನಲ್ಲಿ 32 ಸರ್ಕಲ್ ಮತ್ತು ಸುಮಾರು 700 ಜನರಿಂದ ಶುರುವಾಯಿತು. 2019ರ ಡಿಸೆಂಬರ್‌ನಲ್ಲಿ ನಾಲ್ಕು ದಿನಕ್ಕೆ ಬಂದವರು ಸುಮಾರು 7.5 ಲಕ್ಷ. ಟೋಕಿಯೋ ಬಿಗ್ ಸೈಟ್ ಅನ್ನುವ ಪ್ರದರ್ಶನ ಕೇಂದ್ರದಲ್ಲಿ ವರ್ಷಕ್ಕೆ ಎರಡು ಸಲ, ಆಗಸ್ಟ್ ನಡುವೆ ಮತ್ತು ಡಿಸೆಂಬರ್ ಕೊನೆಗೆ ನಡೆಯುತ್ತದೆ. ಮಾರುವವರು, ಕೊಳ್ಳುವವರು, ಸಂಬಳವಿಲ್ಲದೆ ದುಡಿಯುವ ಸ್ಟಾಫ್, ಎಲ್ಲರೂ ಸಮಾನವಾಗಿ ಭಾಗವಹಿಸುವವರು, ಇಲ್ಲಿ ಗಿರಾಕಿ ಅಂತ ಯಾರೂ ಇಲ್ಲ ಅನ್ನುವುದು ಅವರ ಹಳೆಯ ನಂಬಿಕೆ. ಒಂದು ಸಲ ನೋಡಬೇಕಾದದ್ದೇ. ಆದರೆ ಆ ನೂಕುನುಗ್ಗಲಲ್ಲಿ ಯಾರಿಗೂ ನಿಂತು ಮಾತಾಡಲು ಪುರುಸೊತ್ತಿಲ್ಲ.

ಗೆಳೆಯರು ಬೇಕು ಅನ್ನುವವರಿಗೆ ನಾನು ಹೇಳುವುದು ಕೊಮಿಟಿಯಾ. 1984ರಿಂದ ನಡೆಯುತ್ತಿದೆ. ಟೋಕಿಯೋದಲ್ಲಿ ವರ್ಷಕ್ಕೆ ನಾಲ್ಕು ಸಲ. ಸ್ವಂತ ಕತೆ, ಸ್ವಂತ ಪಾತ್ರಗಳಿಗೆ ಮಾತ್ರ ಜಾಗ, ಪ್ರಸಿದ್ಧ ಪಾತ್ರಗಳ ಫ್ಯಾನ್ ಚಿತ್ರ ನಡೆಯುವುದಿಲ್ಲ. ಇದರಿಂದ ಏನಾಗುತ್ತದೆ ಅಂದರೆ, ಮೇಜಿನ ಹಿಂದಿರುವವರಿಗೆ ತಮ್ಮ ಕತೆ ಬಗ್ಗೆ ಹೇಳುವ ಆಸೆ ಇರುತ್ತದೆ, ಮುಂದಿರುವವರಿಗೆ ಕೇಳುವ ಆಸೆ ಇರುತ್ತದೆ. ಎಲ್ಲ ಸರ್ಕಲ್‌ಗಳ ಮಾದರಿ ಪ್ರತಿಗಳನ್ನು ಒಂದು ಕಡೆ ಇಟ್ಟಿರುತ್ತಾರೆ. ಮೊದಲು ಅಲ್ಲಿಗೆ ಹೋಗಿ ತಿರುವಿ ಹಾಕಿ, ಇಷ್ಟವಾದ ಪುಸ್ತಕದ ಮೇಜಿನ ನಂಬರ್ ಬರೆದುಕೊಂಡು ಆಮೇಲೆ ಹುಡುಕಿಕೊಂಡು ಹೋಗಿ. ಎಷ್ಟೋ ಸಮಯ ಉಳಿಯುತ್ತದೆ. ಒಸಾಕಾ, ನಗೋಯಾ ಕಡೆಗೂ ಇದರ ಪ್ರಾದೇಶಿಕ ಮೇಳಗಳಿವೆ, ಅವು ಇನ್ನೂ ನಿಧಾನ, ಇನ್ನೂ ಆರಾಮ.

ಎರಡಕ್ಕೂ ಒಳಗೆ ಹೋಗುವ ನಿಯಮ, ಟಿಕೆಟ್ ವಿಧಾನ ಆಗಾಗ ಬದಲಾಗುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮುಂಚೆ ಆ ಸಲದ ಪ್ರಕಟಣೆ ನೋಡಿ.

ನನ್ನ ರಜೆಗೂ ಮೇಳದ ದಿನಕ್ಕೂ ಹೊಂದಲ್ಲ. ಸುಮ್ನೆ ಹೋಗಿ ಬರೋದಾ?

ಮೇಳವಿಲ್ಲದಿದ್ದರೂ ಜಾಗಗಳಿವೆ. ಕ್ಯೋಟೋದ ಅಂತರರಾಷ್ಟ್ರೀಯ ಮಾಂಗಾ ಮ್ಯೂಸಿಯಂ 2006ರಲ್ಲಿ ಒಂದು ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ತೆರೆಯಿತು. ಸುಮಾರು 50,000 ಮಾಂಗಾಗಳ ಗೋಡೆಯಿಂದ ಯಾವುದನ್ನಾದರೂ ತೆಗೆದುಕೊಂಡು ಹೊರಗಿನ ಹುಲ್ಲಿನ ಮೇಲೆ ಮಲಗಿ ಓದಬಹುದು. ಬೇರೆ ಬೇರೆ ಭಾಷೆಗಳ ಮಾಂಗಾ ಶೆಲ್ಫ್ ಇದೆ, ಅದರ ಮುಂದೆ ನಿಮ್ಮ ಹಾಗೆಯೇ ಬಂದ ಪ್ರವಾಸಿಗಳು ಸಿಗುತ್ತಾರೆ. ಚಿತ್ರ ಬರೆಯುವ ಕಾರ್ಯಾಗಾರಗಳೂ ನಡೆಯುತ್ತವೆ. ಭಾಷೆ ಬರದಿದ್ದರೂ ಪಕ್ಕದವರ ಪೆನ್ಸಿಲ್ ನೋಡುತ್ತಾ ನಗಬಹುದಲ್ಲ.

ಟೋಕಿಯೋದಲ್ಲಿ ತೊಕಿವಾಸೊ ಮ್ಯೂಸಿಯಂ ಇದೆ. ತೆಜುಕಾ ಒಸಾಮು, ಇಶಿನೋಮೊರಿ ಶೊತಾರೊ, ಅಕತ್ಸುಕಾ ಫುಜಿಯೊ ಇವರೆಲ್ಲ ಹರೆಯದಲ್ಲಿ ಬಾಡಿಗೆಗಿದ್ದ ಮರದ ವಠಾರ ಅದು. ಹಳೆಯ ಕಟ್ಟಡವನ್ನು 1982ರಲ್ಲಿ ಕೆಡವಿದರು, 2020ರಲ್ಲಿ ಅದರ ಪ್ರತಿರೂಪ ಕಟ್ಟಿದರು. ಕಿರಿದಾದ ಕೋಣೆಗಳನ್ನು ನೋಡಿದರೆ, ಇಷ್ಟು ಜಾಗದಲ್ಲಿ ಕೂತು ಅಷ್ಟೆಲ್ಲ ಬರೆದರಾ ಅನ್ನಿಸುತ್ತದೆ. ಬರುವವರಲ್ಲಿ ಚಿತ್ರ ಬರೆಯುವವರೂ ಇರುತ್ತಾರೆ. ಸುಗಿನಾಮಿಯ ಅನಿಮೇಷನ್ ಮ್ಯೂಸಿಯಂ ಉಚಿತ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಅನಿಮೆಯಲ್ಲಿ ತೋರಿಸಿದ ನಿಜವಾದ ಊರುಗಳಿಗೆ ಅಭಿಮಾನಿಗಳು ಯಾತ್ರೆ ಹೋಗುತ್ತಾರೆ. ಅಂಥ ಊರಿನ ಕೆಫೆ, ರೈಲ್ವೆ ನಿಲ್ದಾಣ, ಪ್ರವಾಸಿ ಕಚೇರಿಗಳಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ಬಂದವರು ಅದರಲ್ಲಿ ಚಿತ್ರ ಬರೆದು, ಊರು, ತಾರೀಕು, ಅಡ್ಡಹೆಸರು ಹಾಕಿ ಹೋಗುತ್ತಾರೆ. ಕೆಲವರ ಚಿತ್ರ ವೃತ್ತಿ ಕಲಾವಿದರ ಮಟ್ಟದ್ದು. ನೀವೂ ಒಂದು ಪುಟ ಬರೆಯಿರಿ. ಎಕ್ಸ್‌ನಲ್ಲೋ ಚಿತ್ರ ಹಾಕುವ ಪಿಕ್ಸಿವ್ ತಾಣದಲ್ಲೋ ಇರುವ ನಿಮ್ಮ ಹೆಸರನ್ನು ಕೆಳಗೆ ಹಾಕಿ. ನೀವು ಊರಿಗೆ ವಾಪಸ್ ಬಂದ ಮೇಲೂ ಯಾರೋ ಅದನ್ನು ನೋಡಿ ಹುಡುಕಿಕೊಂಡು ಬರಬಹುದು. ಸೈತಾಮಾದ ವಾಶಿನೋಮಿಯಾ ದೇವಸ್ಥಾನದಲ್ಲಿ ಹರಕೆಯ ಮರದ ಹಲಗೆಗಳ ಮೇಲೆಯೇ ಅಭಿಮಾನಿಗಳು ಪಾತ್ರಗಳನ್ನು ಬರೆದು ನೇತುಹಾಕುತ್ತಾರೆ. ಶಿಗಾ ಪ್ರಾಂತ್ಯದ ತೊಯೊಸಾತೊದಲ್ಲಿ 1937ರ ಶಾಲಾ ಕಟ್ಟಡವೊಂದಿದೆ. ಹುಡುಗಿಯರ ಬ್ಯಾಂಡ್ ಒಂದರ ಕತೆಗೆ ಮಾದರಿಯಾದ ಆ ಶಾಲೆಯ ಕೋಣೆಯನ್ನು ಅಭಿಮಾನಿಗಳು ಟೀ ಕಪ್, ವಾದ್ಯಗಳನ್ನಿಟ್ಟು ಅನಿಮೆಯಲ್ಲಿ ಇದ್ದ ಹಾಗೆಯೇ ಮಾಡಿಟ್ಟಿದ್ದಾರೆ. ಅಷ್ಟು ದೂರದ ಸಣ್ಣ ಊರಿಗೆ ಬಂದವರು ಅಂದ ಮೇಲೆ ನೀವೂ ಅವರೂ ಒಂದೇ ಜಾತಿ. ಮಾತು ತಾನಾಗಿ ಶುರುವಾಗುತ್ತದೆ. ಊರಿನವರ ಮನೆ, ರೈಲು ಹಳಿ, ಗಾಡಿ ಓಡಾಡುವ ರಸ್ತೆಗೆ ಅಡ್ಡ ನಿಂತು ಫೋಟೋ ಮಾತ್ರ ತೆಗೆಯಬೇಡಿ. ಕಾಮಾಕುರಾದ ಒಂದು ರೈಲ್ವೆ ಕ್ರಾಸಿಂಗ್‌ನಲ್ಲಿ ಇದೇ ಕಾರಣಕ್ಕೆ ಅಲ್ಲಿನವರು ಬೇಸತ್ತಿದ್ದಾರೆ.

ಜಪಾನೀಸ್ ಒಂದಕ್ಷರ ಬರಲ್ಲ. ಮಾತಾಡೋದು ಹೇಗೆ?

ನಾಲ್ಕು ವಾಕ್ಯ ಬಾಯಿಪಾಠ ಮಾಡಿ. ಪುಸ್ತಕ ಮುಟ್ಟುವ ಮುಂಚೆ "ಮಿತೆ ಮೋ ಈ ದೆಸ್ ಕಾ", ನೋಡಬಹುದಾ ಅಂತ. ಕೊಳ್ಳಲು "ಶಿನ್‌ಕಾನ್ ಇಚಿಬು ಕುದಸಾಯ್", ಹೊಸ ಪುಸ್ತಕ ಒಂದು ಕೊಡಿ ಅಂತ. ಫೋಟೋಗೆ "ಶಾಶಿನ್ ದೈಜೋಬು ದೆಸ್ ಕಾ". ಎಲ್ಲಕ್ಕಿಂತ ಮುಖ್ಯವಾದದ್ದು "ವತಾಶಿ ಮೋ ಮಾಂಗಾ ಓ ಕಾಕಿಮಾಸ್", ನಾನೂ ಮಾಂಗಾ ಬರೆಯುತ್ತೇನೆ. ಇದನ್ನು ಹೇಳಿ ನಿಮ್ಮ ಸ್ಕೆಚ್‌ಬುಕ್ ತೆರೆದರೆ ಎದುರಿನವರ ಮುಖವೇ ಬದಲಾಗುತ್ತದೆ. ಮುಂದಿನದನ್ನು ಫೋನಿನ ಅನುವಾದ ಆ್ಯಪ್ ನೋಡಿಕೊಳ್ಳುತ್ತದೆ. ಕರ್ತೃ, ಕರ್ಮ, ಕ್ರಿಯಾಪದ ಅಂತ ಕನ್ನಡದ ಹಾಗೆಯೇ ವಾಕ್ಯ ಕಟ್ಟುವ ಭಾಷೆ ಅದು, ಆದ್ದರಿಂದ ನಮಗೆ ಇಂಗ್ಲಿಷಿಗಿಂತ ಬೇಗ ಒಗ್ಗುತ್ತದೆ. ಮುಂಚಿತವಾಗಿ ಬಾಯಿ ಬಿಟ್ಟು ರೂಢಿ ಮಾಡಿಕೊಳ್ಳಲು ಬೆಂಗಳೂರಿನಲ್ಲಿ 2005ರಿಂದ ನಡೆಯುತ್ತಿರುವ ಜಪಾನ್ ಹಬ್ಬ ಒಳ್ಳೆಯ ಜಾಗ.

ಬ್ಯಾಗಲ್ಲಿ ಏನೇನು ಇಟ್ಕೋಬೇಕು?

ನಿಮ್ಮ ಕೈಯಿಂದ ಆದದ್ದು ಏನಾದರೂ. ಎಂಟು ಪುಟದ ಸಣ್ಣ ಪುಸ್ತಕ, ನಾಲ್ಕು ಚೌಕದ ಮಾತಿಲ್ಲದ ಕತೆ, ಒಂದು ಪೋಸ್ಟ್‌ಕಾರ್ಡ್, ಯಾವುದಾದರೂ ಸರಿ. ಜೊತೆಗೆ ಅಡ್ಡಹೆಸರು, ಚಿತ್ರ, ಕ್ಯೂಆರ್ ಕೋಡ್ ಇರುವ ಕಾರ್ಡ್. ಮೇಳದಲ್ಲಿ ನಗದೇ ಹೆಚ್ಚು ನಡೆಯುತ್ತದೆ. ಪುಸ್ತಕಗಳು ಸಾಮಾನ್ಯವಾಗಿ 500 ಅಥವಾ 1000 ಯೆನ್, ಹಾಗಾಗಿ 100, 500ರ ನಾಣ್ಯ ಮತ್ತು 1000ದ ನೋಟು ಇರಲಿ. ಬೆಳಗ್ಗೆ ಬೆಳಗ್ಗೆಯೇ 10,000ದ ನೋಟು ಚಾಚಿದರೆ ಮೇಜಿನವರು ಪಾಪ, ಚಿಲ್ಲರೆಗೆ ಪರದಾಡುತ್ತಾರೆ. ಇಷ್ಟದ ಕಲಾವಿದರಿಗೆ ಕೊಡಲು ಒಂದೊಂದಾಗಿ ಪ್ಯಾಕ್ ಆದ ಸಿಹಿ ತಿಂಡಿ ತನ್ನಿ. ಮನೆಯಲ್ಲಿ ಮಾಡಿದ್ದು ಬೇಡ, ಅಂಗಡಿಯ ಸೀಲ್ ಇರಬೇಕು. ಸೀಲ್ ಆದ ಮೈಸೂರು ಪಾಕ್ ಧಾರಾಳವಾಗಿ ನಡೆಯುತ್ತದೆ.

## ಮೇಳದ ಒಳಗೆ

ಟೇಬಲ್ ಮುಂದೆ ನಿಂತ ಮೇಲೆ ಏನು ಮಾಡ್ಬೇಕು? ತುಂಬಾ ನಾಚಿಕೆ ಆಗುತ್ತೆ.

ಎದುರಿನವರಿಗೆ ನಿಮಗಿಂತ ಜಾಸ್ತಿ ನಾಚಿಕೆ. ಪುಸ್ತಕ ಎತ್ತಿ ನಾಲ್ಕು ಪುಟ ನೋಡಿ, ಇಷ್ಟವಾದ ಚೌಕಕ್ಕೆ ಬೆರಳು ತೋರಿಸಿ. "ಚೆನ್ನಾಗಿದೆ" ಅನ್ನುವುದಕ್ಕಿಂತ "ಈ ಮಳೆ ಗೆರೆ ಯಾವ ನಿಬ್‌ನಲ್ಲಿ ಬರೆದಿರಿ" ಅನ್ನುವ ಪ್ರಶ್ನೆ ಹತ್ತು ನಿಮಿಷ ಮಾತು ಓಡಿಸುತ್ತದೆ. ನಿಬ್ ಜಿ ಪೆನ್ನೋ ಮಾರು ಪೆನ್ನೋ, ಟೋನ್ (ನೆರಳಿಗೆ ಅಂಟಿಸುವ ಚುಕ್ಕಿ ಹಾಳೆ) ಅಂಟಿಸಿದ್ದೋ ಕಂಪ್ಯೂಟರಲ್ಲಿ ಹಾಕಿದ್ದೋ, ಇಂಥ ಮಾತಿಗೆ ಭಾಷೆ ಅಷ್ಟೇನೂ ಬೇಕಾಗಿಲ್ಲ. ಹಿಂದೆ ಯಾರಾದರೂ ಕಾಯುತ್ತಿದ್ದರೆ ಕೊಂಡು ಸರಿದುಬಿಡಿ, ಮಧ್ಯಾಹ್ನದ ಮೇಲೆ ಮತ್ತೆ ಬನ್ನಿ. ಹಾಲ್‌ನ ಗೋಡೆ ಪಕ್ಕ ಇರುವವು ದೊಡ್ಡ ಹೆಸರಿನ ಸರ್ಕಲ್‌ಗಳು, ಸಾಲು ಹೊರಗಡೆ ಬೆಳೆಯಲಿ ಅಂತ ಅಲ್ಲಿ ಕೂರಿಸುತ್ತಾರೆ. ಅಲ್ಲಿ ಮಾತಿನ ಆಸೆ ಬಿಡಿ. ಹಾಲ್ ನಡುವಿನ ಸಾಲು ಮೇಜುಗಳೇ ನಿಮ್ಮ ಜಾಗ.

ನನ್ನ ಸ್ಕೆಚ್‌ಬುಕ್‌ನಲ್ಲಿ ಒಂದು ಚಿತ್ರ ಬರ್ಕೊಡಿ ಅಂತ ಕೇಳಬಹುದಾ?

ಕೇಳಬಹುದು. ಇದು ಹಳೆಯ ಪದ್ಧತಿ, "ಸುಕೆಬು" ಅಂತ ಅಡ್ಡಹೆಸರೂ ಇದೆ. ಪದ್ಧತಿಗೊಂದು ಮರ್ಯಾದೆಯೂ ಇದೆ. ಮೊದಲು ಅವರ ಪುಸ್ತಕ ಕೊಳ್ಳಿ. ಬರೆದುಕೊಡುತ್ತೀರಾ ಅಂತ ಕೇಳಿ, ಇಲ್ಲ ಅಂದರೆ ನಕ್ಕು ಬಿಡಿ, ಎರಡನೇ ಸಲ ಕೇಳಬೇಡಿ. ಹ್ಞೂಂ ಅಂದರೆ ಸ್ಕೆಚ್‌ಬುಕ್ ಅವರ ಹತ್ತಿರ ಬಿಟ್ಟು, ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿ ಹೋಗಿ. ನಿಂತು ನೋಡುತ್ತಿದ್ದರೆ ಅವರ ಕೈ ಓಡುವುದಿಲ್ಲ. ಅವರದೇ ಪಾತ್ರ ಕೇಳಿ, ಬೇರೆಯವರ ಪಾತ್ರ ಕೇಳುವುದು ಒಂಥರಾ ಅವಮಾನ. ಪುಟದ ಹಿಂದೆ ಇಂಕ್ ಇಳಿಯದ ಹಾಗೆ ಒಂದು ದಪ್ಪ ಹಾಳೆ ಇಟ್ಟುಕೊಡಿ. ಮೇಳ ಮುಗಿಯುವ ಹೊತ್ತಿಗೆ ಕೇಳಬೇಡಿ. ನಾಲ್ಕು ಗಂಟೆ ಹತ್ತಿರ ಬಂದರೆ ಎಲ್ಲರೂ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿರುತ್ತಾರೆ. ಮತ್ತೆ, ನಿಮ್ಮ ಪುಸ್ತಕದಲ್ಲಿ ನಾನೂ ಬರೆದುಕೊಡುತ್ತೀನಿ ಅಂತ ಹೇಳಿ ನೋಡಿ. ಅಲ್ಲಿಂದ ಮುಂದೆ ನೀವು ಪ್ರವಾಸಿ ಆಗಿ ಉಳಿಯುವುದಿಲ್ಲ.

ಫೋಟೋ, ವಿಡಿಯೋ ತೆಗೀಬಹುದಾ? ಕಾಸ್‌ಪ್ಲೇ ಮಾಡ್ಕೊಂಡು ಹೋಗಬಹುದಾ?

ಮೇಜು, ಪುಸ್ತಕ, ಕಲಾವಿದರ ಮುಖ, ಯಾವುದನ್ನೂ ಕೇಳದೆ ತೆಗೆಯಬೇಡಿ. ಎಷ್ಟೋ ಜನ ಆಫೀಸಿನಲ್ಲಿ ಗೊತ್ತಾಗದ ಹಾಗೆ ಅಡ್ಡಹೆಸರಲ್ಲಿ ಬರೆಯುತ್ತಾರೆ. ನಿಜವಾದ ಹೆಸರನ್ನೂ ಕೇಳಬಾರದು. ಕಾಸ್‌ಪ್ಲೇ ಅಂದರೆ ಪಾತ್ರಗಳ ವೇಷ ಹಾಕುವುದು. ಕಾಮಿಕೆಟ್‌ಗೆ ವೇಷ ಹಾಕಿಕೊಂಡು ರೈಲಿನಲ್ಲಿ ಬರುವಂತಿಲ್ಲ. ಅಲ್ಲೇ ನೋಂದಾಯಿಸಿ, ಅಲ್ಲೇ ಬಟ್ಟೆ ಬದಲಿಸಿ, ಅಲ್ಲೇ ಕಳಚಬೇಕು. ಕಾಸ್‌ಪ್ಲೇಯೇ ಮುಖ್ಯ ಅನ್ನುವವರಿಗೆ 2003ರಿಂದ ನಗೋಯಾದಲ್ಲಿ ಬೇಸಿಗೆಗೆ ನಡೆಯುವ ವರ್ಲ್ಡ್ ಕಾಸ್‌ಪ್ಲೇ ಸಮ್ಮಿಟ್ ವಾಸಿ. ಹಲವು ದೇಶಗಳ ತಂಡಗಳು ಬರುತ್ತವೆ, ಅಲ್ಲಿಯವರಿಗೆ ಮಾತಾಡುವ ಹುಮ್ಮಸ್ಸೂ ಜಾಸ್ತಿ.

ಮಗಳು ಒಬ್ಬಳೇ ಹೋಗ್ತಾಳಂತೆ. ಪರವಾಗಿಲ್ವಾ?

ಮೇಳದ ಒಳಗೆ ಪರವಾಗಿಲ್ಲ. ಸ್ಟಾಫ್ ಎಲ್ಲೆಲ್ಲೂ ಇರುತ್ತಾರೆ, ಬರೆಯುವವರಲ್ಲಿ ಹೆಂಗಸರು ಬಹಳ ಜನ. ಕಾಸ್‌ಪ್ಲೇ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ಕ್ಯಾಮೆರಾ ಹಿಡಿದರೆ ತಕ್ಷಣ ಸ್ಟಾಫ್‌ಗೆ ಹೇಳಬೇಕು. ಹೊಸದಾಗಿ ಪರಿಚಯವಾದವರ ಜೊತೆ ಮೊದಲ ಭೇಟಿ ಕೆಫೆಯಲ್ಲೇ ಇರಲಿ, ಮನೆಗೆ ಬೇಡ. ಇದಕ್ಕೆ ಜಪಾನ್ ಅಂತೇನಿಲ್ಲ, ಜಯನಗರದಲ್ಲೂ ಇದೇ ಮಾತು. ಆಗಸ್ಟ್ ಮೇಳಕ್ಕೆ ಹೋಗುವುದಾದರೆ ನನಗೆ ಹೆಚ್ಚಿನ ಚಿಂತೆ ಬಿಸಿಲಿನದು. ಬಯಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಬೇಕಾಗುತ್ತದೆ. ನೀರು, ಟೋಪಿ, ಉಪ್ಪಿನ ಕ್ಯಾಂಡಿ ಮರೆಯದೆ ಕೊಟ್ಟು ಕಳಿಸಿ.

ನಾನು ವೆಜ್. ಇಡೀ ದಿನ ಏನು ತಿನ್ನೋದು?

ಕನ್ವೀನಿಯನ್ಸ್ ಸ್ಟೋರಿನ ಉಮೆಬೋಶಿ ಓನಿಗಿರಿ (ಉಪ್ಪು ಹಾಕಿದ ಹುಳಿ ಹಣ್ಣಿಟ್ಟ ಅನ್ನದ ಉಂಡೆ), ಬಾಳೆಹಣ್ಣು. ಆದರೆ ಮೀನಿನ ಸಾರು ಎಲ್ಲೆಲ್ಲೋ ಸೇರಿರುತ್ತದೆ, ಕಟ್ಟುನಿಟ್ಟಿನವರು ಪ್ಯಾಕೆಟ್ ಹಿಂದಿನ ಬರಹವನ್ನು ಫೋನಿನಲ್ಲಿ ಅನುವಾದ ಮಾಡಿ ನೋಡಿ. ಸಂಜೆಗೆ ಅನ್ನ ಸಾರು ಬೇಕೆನಿಸಿದರೆ ಟೋಕಿಯೋದಲ್ಲಿ ಭಾರತೀಯರು ಹೆಚ್ಚಿರುವ ನಿಶಿಕಸಾಯ್ ಕಡೆ ಹೋಗಿ.

ಯಾವ ಮಾತು ಆಡಬಾರದು?

"ನಿಮ್ಮ ಮಾಂಗಾ ಆ ಸೈಟಲ್ಲಿ ಫ್ರೀಯಾಗಿ ಓದಿದೆ" ಅನ್ನಬೇಡಿ. ಹೊಗಳಿಕೆ ಅಂದುಕೊಂಡು ಹೇಳುತ್ತಾರೆ, ಕೇಳಿದವರಿಗೆ ಅದು ಕಳ್ಳತನದ ಸುದ್ದಿ. ಕೊಂಡ ಡೋಜಿನ್‌ಶಿಯ ಪುಟಗಳನ್ನು ಫೋಟೋ ತೆಗೆದು ಹಾಕುವುದೂ ತಪ್ಪು, ಹೆಚ್ಚಿನ ಪುಸ್ತಕಗಳ ಕೊನೆಯ ಪುಟದಲ್ಲಿ ಹಾಗೆ ಮಾಡಬೇಡಿ ಅಂತ ಬರೆದೇ ಇರುತ್ತದೆ. ಅಧಿಕೃತವಾಗಿ ಓದಲು ನಮ್ಮ ಕಡೆ ದಾರಿಯೇ ಇಲ್ಲ ಅನ್ನುವ ಕಾಲ ಹೋಯಿತು. ಶುಯೇಶಾ ಪ್ರಕಾಶನದ ಮಾಂಗಾ ಪ್ಲಸ್ ಆ್ಯಪ್ 2019ರಿಂದ ಇದೆ. ಮಾತಿಗೆ ವಿಷಯ ಬೇಕಾದರೆ ತೆಜುಕಾ 1972ರಿಂದ 1983ರವರೆಗೆ ಬುದ್ಧನ ಬದುಕನ್ನು ಮಾಂಗಾ ಆಗಿ ಬರೆದದ್ದನ್ನು ಎತ್ತಿ. ಭಾರತದವರು ಅಂದ ಕೂಡಲೇ ಅವರೇ ಎತ್ತಿದರೂ ಎತ್ತಬಹುದು.

## ಜಪಾನ್ ಬಿಟ್ಟು

ಜಪಾನ್ ದುಬಾರಿ. ಹತ್ತಿರದಲ್ಲಿ ಏನೂ ಇಲ್ವಾ?

ಇದೆ. ಕ್ವಾಲಾಲಂಪುರದ ಕಾಮಿಕ್ ಫಿಯೆಸ್ಟಾ ಡಿಸೆಂಬರ್‌ನಲ್ಲಿ ನಡೆಯುತ್ತದೆ, ಸ್ವತಃ ಬರೆಯುವವರ ಮೇಜುಗಳೇ ಅದರ ಜೀವಾಳ. ಇಂಡೋನೇಷ್ಯಾದ ಕಾಮಿಕ್ ಫ್ರಾಂಟಿಯರ್ ಕೂಡ ಅದೇ ಬಗೆ. ಸಿಂಗಾಪುರದ ಅನಿಮೆ ಫೆಸ್ಟಿವಲ್ ಏಷ್ಯಾ 2008ರಿಂದ ಇದೆ, ಅದು ವೇದಿಕೆ, ಹಾಡುಗಾರರು, ಕಂಪನಿಗಳ ಕಡೆಗೆ ಹೆಚ್ಚು ವಾಲುತ್ತದೆ. ಇಂಗ್ಲಿಷ್ ನಡೆಯುತ್ತದೆ, ಬೆಂಗಳೂರಿನಿಂದ ನೇರ ವಿಮಾನವಿದೆ. ಮೊದಲ ಸಲ ಹೋಗುವವರಿಗೆ ನಾನು ಮಲೇಷ್ಯಾ ಹೇಳುತ್ತೇನೆ. ಅಲ್ಲಿನ ಹುಡುಗ ಹುಡುಗಿಯರೂ ನಮ್ಮ ಹಾಗೆ ಹೊರಗಿನಿಂದ ಮಾಂಗಾ ಕಲಿತವರು, ತಮ್ಮ ಭಾಷೆ, ತಮ್ಮ ಊಟ, ತಮ್ಮ ಊರನ್ನು ಅದರೊಳಗೆ ತರುವುದು ಹೇಗೆ ಅನ್ನುವ ನಮ್ಮ ಒದ್ದಾಟವೇ ಅವರದ್ದೂ.

ಆಫೀಸ್ ಕೆಲಸಕ್ಕೆ ಯುರೋಪ್, ಅಮೆರಿಕ ಹೋಗ್ತಾ ಇದ್ದೀನಿ. ಅಲ್ಲಿ?

ಜುಲೈ ಮೊದಲ ದಿನಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅನಿಮೆ ಎಕ್ಸ್‌ಪೋ, ಅದೇ ತಿಂಗಳು ಪ್ಯಾರಿಸ್ ಪಕ್ಕದ ವಿಲ್‌ಪಾಂತ್‌ನಲ್ಲಿ ಜಪಾನ್ ಎಕ್ಸ್‌ಪೋ. ಲಂಡನ್‌ನಲ್ಲಿ ಎಂಸಿಎಂ ಕಾಮಿಕ್ ಕಾನ್, ಮೇ ಮತ್ತು ಅಕ್ಟೋಬರ್. ಜರ್ಮನಿಯಲ್ಲಿ ಲೈಪ್‌ಜಿಗ್ ಪುಸ್ತಕ ಮೇಳದ ಜೊತೆಗೇ ಮಾರ್ಚ್‌ನಲ್ಲಿ ಮಾಂಗಾ ಮೇಳ ಇರುತ್ತದೆ. ಎಲ್ಲೇ ಹೋದರೂ ದೊಡ್ಡ ಕಂಪನಿಗಳ ಮಳಿಗೆ ದಾಟಿ ನೇರವಾಗಿ ಆರ್ಟಿಸ್ಟ್ ಆಲಿಗೆ, ಅಂದರೆ ಕಲಾವಿದರೇ ಮೇಜು ಹಾಕಿ ಕೂರುವ ಕಡೆ ಹೋಗಿ. ಅಲ್ಲಿನ ಜನ ಮಾತುಗಾರರು, ನೀವು ಕೇಳುವ ಮುಂಚೆಯೇ ನಿಮ್ಮನ್ನು ಕೇಳುತ್ತಾರೆ.

## ಸ್ವತಃ ಬರೆಯುವವರಿಗೆ

ನಾನೇ ಟೇಬಲ್ ತಗೊಂಡು ನನ್ನ ಪುಸ್ತಕ ಮಾರಬಹುದಾ?

ಮೇಳದವರ ನಿಯಮ ಒಂದು, ವೀಸಾ ನಿಯಮ ಇನ್ನೊಂದು. ಜಪಾನಿನ ಪ್ರವಾಸಿ ವೀಸಾದಲ್ಲಿ ಹಣ ಗಳಿಸುವ ಕೆಲಸಕ್ಕೆ ಅವಕಾಶವಿಲ್ಲ. ಬೇರೆ ದೇಶಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ. ಮಾರುವ ಆಸೆ ಇದ್ದರೆ ಮೊದಲು ಆ ದೇಶದ ದೂತಾವಾಸವನ್ನೇ ಕೇಳಿ. ಮೊದಲ ಸಲಕ್ಕೆ ಸುಲಭದ ದಾರಿ ಅಂದರೆ ಸುಮ್ನೆ ಕೊಡುವುದು. ಒಂದೆರಡು ಹಾಳೆಯ ಉಚಿತ ಪ್ರತಿಗಳನ್ನು ಹಂಚುವ ರೂಢಿ ಅಲ್ಲಿ ಮೊದಲಿನಿಂದಲೂ ಇದೆ. ನಿಮಗೆ ಇಷ್ಟವಾದ ಮೇಜಿನವರಿಗೆ ನಿಮ್ಮದೊಂದು ಕೊಟ್ಟರೆ ಅವರೂ ತಮ್ಮದೊಂದು ಕೊಡುವ ಸಾಧ್ಯತೆ ಜಾಸ್ತಿ.

ಪ್ರಿಂಟ್ ಇಲ್ಲಿಂದ ಹೊತ್ಕೊಂಡು ಹೋಗ್ಬೇಕಾ?

ಬೇಡ. ಸೆವೆನ್ ಇಲೆವೆನ್ ಅಂಗಡಿಗಳ ಕಾಪಿ ಯಂತ್ರದಲ್ಲಿ ಪುಟಗಳನ್ನು ತಾನೇ ಜೋಡಿಸಿ ಸಣ್ಣ ಪುಸ್ತಕವಾಗಿ ಕೊಡುವ ವ್ಯವಸ್ಥೆ ಇದೆ. ಮಡಚಿ ಸ್ಟೇಪಲ್ ಹೊಡೆದರೆ ಆಯಿತು. ಮೇಳದ ಹಿಂದಿನ ರಾತ್ರಿ ಹೀಗೆ ಪುಸ್ತಕ ಕಟ್ಟುವವರು ಅಲ್ಲಿಯೂ ಬೇಕಾದಷ್ಟು ಜನ. ನಿಬ್, ಇಂಕ್, ಮಾಂಗಾ ಹಾಳೆಗೆ ಟೋಕಿಯೋದ ಶಿಂಜುಕುವಿನ ಸೆಕೈದೋ ಅಂಗಡಿ. ಬರೆಯಲು ಜಾಗ ಬೇಕೆಂದರೆ ಅದೇ ಟೋಕಿಯೋದ ಕೋಯೆಂಜಿಯಲ್ಲಿ 2022ರಲ್ಲಿ ಶುರುವಾದ ಒಂದು ಕೆಫೆ ಇದೆ, ಡೆಡ್‌ಲೈನ್ ಇರುವವರಿಗೆ ಮಾತ್ರ ಪ್ರವೇಶ. ಇಂದು ಎಷ್ಟು ಮುಗಿಸುತ್ತೀರಿ ಅಂತ ಒಳಗೆ ಹೋಗುವಾಗಲೇ ಬರೆದುಕೊಡಬೇಕು, ಆಗಾಗ ಬಂದು ವಿಚಾರಿಸುತ್ತಾರೆ. ಪಿಯು ಹಾಸ್ಟೆಲ್ ವಾರ್ಡನ್ ನೆನಪಾಗುತ್ತಾರೆ.

ನನ್ನ ಪುಟಗಳನ್ನ ನಿಜವಾದ ಎಡಿಟರ್‌ಗೆ ತೋರಿಸಬೇಕು. ಸಾಧ್ಯನಾ?

ಸಾಧ್ಯ. ಪ್ರಕಾಶಕರ ಕಚೇರಿಗೆ ಪುಟ ತೆಗೆದುಕೊಂಡು ಹೋಗಿ ತೋರಿಸುವುದು ಅಲ್ಲಿನ ಹಳೆಯ ದಾರಿ, ಹೆಸರು ಮೊಚಿಕೋಮಿ. ಮುಂಚೆಯೇ ಸಮಯ ಗೊತ್ತು ಮಾಡಿಕೊಳ್ಳಬೇಕು, ಮಾತು ಜಪಾನೀಸ್‌ನಲ್ಲೇ. ಪ್ರವಾಸಿಗೆ ಅನುಕೂಲವಾದದ್ದು ಕೊಮಿಟಿಯಾ. ಅಲ್ಲಿ ಹಲವಾರು ಪತ್ರಿಕೆಗಳ ಸಂಪಾದಕರು ಒಂದೇ ಕಡೆ ಮೇಜು ಹಾಕಿ ಕೂತಿರುತ್ತಾರೆ. ಸಂಭಾಷಣೆಗಳನ್ನು ಜಪಾನೀಸ್‌ಗೆ ಹಾಕಿಸಿದ ಪೂರ್ತಿ ಮುಗಿದ ಒಂದು ಸಣ್ಣ ಕತೆ ಬೇಕು. ಬರೀ ಪಾತ್ರಗಳ ಚಿತ್ರ ತೋರಿಸಿದರೆ ಮುಂದಿನ ಪ್ರಶ್ನೆ "ಕತೆ ಎಲ್ಲಿ" ಅಂತಲೇ. ಸಂಪಾದಕರು ನೇರವಾಗಿ ಹೇಳುತ್ತಾರೆ, ಬೇಸರ ಮಾಡಿಕೊಳ್ಳದೆ ಬರೆದುಕೊಳ್ಳಿ.

ಊರಲ್ಲೇ ಕೂತು ಪ್ರಯತ್ನಿಸಲು ಎರಡು ದಾರಿ ಗೊತ್ತಿರಲಿ. ಕೋಆಮಿಕ್ಸ್ ಸಂಸ್ಥೆ 2012ರಲ್ಲಿ ಶುರುಮಾಡಿದ ಸೈಲೆಂಟ್ ಮಾಂಗಾ ಆಡಿಷನ್‌ನಲ್ಲಿ ಮಾತೇ ಇಲ್ಲದ ಕತೆ ಕೇಳುತ್ತಾರೆ. ಭಾಷೆಯ ತೊಡಕೇ ಇಲ್ಲ ನೋಡಿ. ಜಪಾನ್ ವಿದೇಶಾಂಗ ಸಚಿವಾಲಯದ ಅಂತರರಾಷ್ಟ್ರೀಯ ಮಾಂಗಾ ಪ್ರಶಸ್ತಿ 2007ರಿಂದ ಇದೆ, ಅದು ಜಪಾನಿನ ಹೊರಗಿನವರಿಗೇ ಮೀಸಲು.

ಅನಿಮೆ ಸ್ಟುಡಿಯೋ ಒಳಗೆ ಬಿಡ್ತಾರಾ? ಹೊರಗಿಂದಾದ್ರೂ ನೋಡ್ಕೊಂಡು ಬರ್ಲಾ?

ಬೇಡ. ಅವು ಕೆಲಸದ ಜಾಗಗಳು. 2019ರ ಜುಲೈ 18ರಂದು ಕ್ಯೋಟೋದ ಸ್ಟುಡಿಯೋ ಒಂದಕ್ಕೆ ಬೆಂಕಿ ಹಚ್ಚಿದ್ದರಿಂದ 36 ಜನ ಸತ್ತರು. ಬಾಗಿಲಲ್ಲಿ ಅಪರಿಚಿತರು ನಿಂತರೆ ಒಳಗಿನವರಿಗೆ ಏನನ್ನಿಸುತ್ತದೆ ಯೋಚಿಸಿ.

ಕನ್ನಡದಲ್ಲಿ ಬರೆದ ಮಾಂಗಾ ತಗೊಂಡು ಹೋದ್ರೆ ಯಾರು ನೋಡ್ತಾರೆ?

ಇಂಗ್ಲಿಷ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ನೋಡುತ್ತಾರೆ. ದುಂಡನೆಯ ಲಿಪಿ ಅವರಿಗೆ ತುಂಬಾ ಹಿಡಿಸುತ್ತದೆ. ಅವರ ಅಡ್ಡಹೆಸರನ್ನು ಕನ್ನಡದಲ್ಲಿ ಬರೆದುಕೊಡಿ, ಪಕ್ಕದ ಮೇಜಿನವರೂ ಕೈ ಚಾಚುತ್ತಾರೆ. ಪುಸ್ತಕ ಎಡದಿಂದ ಓದಬೇಕಾದದ್ದಾದರೆ ಮೊದಲ ಪುಟದಲ್ಲಿ ಬಾಣದ ಗುರುತು ಹಾಕಿ, ಇಲ್ಲದಿದ್ದರೆ ಬಲದಿಂದ ಓದಿ ರೂಢಿಯಾದ ಅವರು ಕೊನೆಯಿಂದ ಶುರುಮಾಡುತ್ತಾರೆ. ಜೊತೆಗೆ ಜಪಾನೀಸ್ ಅನುವಾದದ ಒಂದು ಚಿಕ್ಕ ಹಾಳೆ ಸೇರಿಸಿದರೆ ಸಾಕು. ಮಾತಿನ ಗುಳ್ಳೆಗಳನ್ನು ಮಾತ್ರ ಅಗಲವಾಗಿ ಬರೆಯಿರಿ. ಜಪಾನೀಸ್ ಮೇಲಿನಿಂದ ಕೆಳಕ್ಕೆ ಹೋಗುವುದರಿಂದ ಅವರ ಗುಳ್ಳೆಗಳು ಉದ್ದುದ್ದ, ಅದನ್ನೇ ನಕಲು ಮಾಡಿದರೆ ನಮ್ಮ ಒತ್ತಕ್ಷರಗಳು ಉಸಿರುಗಟ್ಟುತ್ತವೆ.

ಕೊಂಡ ಪುಸ್ತಕಗಳಿಗೆ ಕಸ್ಟಮ್ಸ್‌ನಲ್ಲಿ ತೊಂದರೆ ಆಗುತ್ತಾ?

ಸಾಮಾನ್ಯ ಮಾಂಗಾಕ್ಕೆ ಇಲ್ಲ. ವಯಸ್ಕರ ಡೋಜಿನ್‌ಶಿ ವಿಷಯ ಬೇರೆ. ಅಶ್ಲೀಲ ಅನ್ನಿಸುವ ಪುಸ್ತಕ ತರುವುದಕ್ಕೆ ನಮ್ಮ ದೇಶದಲ್ಲೂ ನಿಷೇಧವಿದೆ. ಎಳೆಯರ ಹಾಗೆ ಕಾಣುವ ಪಾತ್ರಗಳಿದ್ದರೆ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದ ಕಾನೂನು ಇನ್ನೂ ಬಿಗಿ, ಫೋನು, ಲ್ಯಾಪ್‌ಟಾಪ್‌ನಲ್ಲಿರುವ ಫೈಲಿಗೂ ಅದು ಅನ್ವಯಿಸುತ್ತದೆ. 2010ರಲ್ಲಿ ಕೆನಡಾಕ್ಕೆ ಗೆಳೆಯನನ್ನು ನೋಡಲು ಹೊರಟ ಅಮೆರಿಕದ ಯುವಕನೊಬ್ಬ ಲ್ಯಾಪ್‌ಟಾಪ್‌ನಲ್ಲಿದ್ದ ಮಾಂಗಾ ಚಿತ್ರಗಳಿಂದ ಕೇಸಿಗೆ ಸಿಕ್ಕಿಬಿದ್ದ. ಕ್ರಿಮಿನಲ್ ಆರೋಪ ವಾಪಸ್ ಆಗುವ ಹೊತ್ತಿಗೆ 2012 ಬಂದಿತ್ತು. ಜಪಾನಿನಿಂದ ಬೇರೆ ದೇಶದ ಮೂಲಕ ಬರುವವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ಅಲ್ಲಿ ಗೆಳೆಯರಾದವರು ಊರಿಗೆ ಬಂದ ಮೇಲೆ ಮರೆತುಬಿಡ್ತಾರೆ. ಏನು ಮಾಡೋದು?

ಕೊಂಡ ಪುಸ್ತಕ ಓದಿ, ಒಂದು ವಾರದೊಳಗೆ ನಾಲ್ಕು ಸಾಲು ಬರೆದು ಕಳಿಸಿ. ಯಾವ ಪುಟ, ಯಾವ ಚೌಕ ಇಷ್ಟವಾಯಿತು ಅಂತ ಹೇಳಿ. ಡೋಜಿನ್‌ಶಿ ಬರೆಯುವವರಿಗೆ ಓದುಗರ ಪತ್ರ ಬರುವುದು ಕಡಿಮೆ, ಬಂದರೆ ಮರೆಯುವುದಿಲ್ಲ. ಆಮೇಲೆ ಒಟ್ಟಿಗೆ ಏನಾದರೂ ಮಾಡೋಣ ಅನ್ನಿ. ಹಲವರು ಸೇರಿ ಒಂದೇ ವಿಷಯದ ಮೇಲೆ ಬರೆಯುವ ಸಂಕಲನಗಳು ಅಲ್ಲಿ ಸಾಮಾನ್ಯ, ಒಬ್ಬರಿಗೆ ನಾಲ್ಕು ಪುಟ ಬಂದರೂ ಸಾಕು. ಪುಟದ ಅಳತೆ, ರೆಸಲ್ಯೂಷನ್, ಕೊನೆಯ ದಿನಾಂಕ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ನಮ್ಮ ಗಡಿಯಾರ ಅವರದಕ್ಕಿಂತ ಮೂರೂವರೆ ಗಂಟೆ ಹಿಂದಿದೆ. ಅವರ ರಾತ್ರಿ 12 ಗಂಟೆ ಅಂದರೆ ನಮಗೆ ರಾತ್ರಿ ಎಂಟೂವರೆ.